ವರ್ಷದ ಕೊನೆಯಲ್ಲಿ ಕೊಡಗಿನ ಹೋಮ್‌ಸ್ಟೇ: ಶುಭಾಶಯದ ಜೊತೆ ಬರುವ ಸಲಹೆಗಳಲ್ಲಿ ಯಾವುದು ನಂಬಿಕೆಗೆ ಅರ್ಹ?

ಕೊಡವರ ಸುಗ್ಗಿ ಹಬ್ಬ ಪುತ್ತರಿ ಮುಗಿದು ಗದ್ದೆಗಳಲ್ಲಿ ಕೊಯ್ಲು ಚುರುಕಾಗುವ ಹೊತ್ತಿಗೆ ಕೊಡಗಿನ ಹೋಮ್‌ಸ್ಟೇಗಳಿಂದ ವಾಟ್ಸ್ಆ್ಯಪ್ ಶುಭಾಶಯಗಳು ಬರತೊಡಗುತ್ತವೆ. ಮಂಜು ಕವಿದ ಬೆಟ್ಟದ ಫೋಟೊ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಾರೈಕೆ, ಕೆಳಗೆ ದರ, ಅದರ ಕೆಳಗೆ ನೋಡಬೇಕಾದ ಐದಾರು ಜಾಗ. ಒಮ್ಮೆ ಉಳಿದು ಬಂದವರ ನಂಬರು ಮನೆಯವರ ಫೋನಿನಲ್ಲಿ ಇದ್ದೇ ಇರುತ್ತದೆ. ಬಹಳ ಜನ ಚಿತ್ರ ನೋಡಿ, ದರ ನೋಡಿ, ಅಡ್ವಾನ್ಸ್ ಕಳಿಸಿಬಿಡುತ್ತಾರೆ. ಆದರೆ ಡಿಸೆಂಬರ್ 24ರಿಂದ ಜನವರಿ 1ರವರೆಗೆ ಆ ಮನೆಯಲ್ಲಿ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಸುಳಿವೆಲ್ಲ ಆ ನಾಲ್ಕು ಸಾಲುಗಳಲ್ಲೇ ಇರುತ್ತದೆ.

ತೀರ್ಪು ಮೊದಲೇ ಹೇಳಿಬಿಡೋಣ. ಊಟ, ತೋಟದ ನಡಿಗೆ, ಮನೆಯವರ ಜೊತೆಗಿನ ಮಾತು ಇವುಗಳನ್ನು ನೋಡಿದರೆ ಕೊಡಗಿನ ಒಳ್ಳೆಯ ಹೋಮ್‌ಸ್ಟೇಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಅದೇ ಮನೆಗೆ ಕ್ರಿಸ್‌ಮಸ್ ವಾರದಲ್ಲಿ ಮೂರು ಕೊಡುವುದೂ ಕಷ್ಟ. ಮನೆಯವರು ಕೆಟ್ಟವರಾಗುತ್ತಾರೆಂದಲ್ಲ, ಕೈಗಳು ಸಾಲುವುದಿಲ್ಲ. ಅರೇಬಿಕಾ ಕಾಫಿಯ ಕುಯ್ಲು ನವೆಂಬರ್‌ನಿಂದ ಜನವರಿವರೆಗೆ ನಡೆಯುತ್ತದೆ, ಅದರ ಬೆನ್ನಿಗೇ ರೊಬಸ್ಟಾ. ಹಣ್ಣಾದ ಕಾಫಿ ಗಿಡದಲ್ಲಿ ಕಾಯುವುದಿಲ್ಲ: ತಡವಾದರೆ ಉದುರುತ್ತದೆ, ಕುಯ್ದದ್ದನ್ನು ಅಂದೇ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಹಿಡಿದು ದರ ಬೀಳುತ್ತದೆ. ಬೆಳಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವವರು, ಸಂಜೆ ತೂಕ ಹಾಕುವವರು, ರಾತ್ರಿ ನಿಮಗೆ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ ಬಡಿಸುವವರು ಎಲ್ಲ ಒಂದೇ ಗಂಡ–ಹೆಂಡತಿ. ವರ್ಷದ ಆದಾಯದ ದೊಡ್ಡ ಪಾಲು ಕಣದಲ್ಲಿ ಒಣಗುತ್ತಿರುವಾಗ ನಾಲ್ಕು ಕೋಣೆಯ ತುಂಬ ಅತಿಥಿಗಳಿದ್ದರೆ ಎರಡರಲ್ಲಿ ಒಂದು ಸೊರಗುವುದು ಸಹಜ.

ಆದ್ದರಿಂದ ಶುಭಾಶಯ ಸಂದೇಶದಲ್ಲಿ ಮೊದಲು ನೋಡಬೇಕಾದ್ದು, ಏನನ್ನು ಕೊಡುವುದಿಲ್ಲ ಎಂದು ಅವರು ಬರೆದಿದ್ದಾರೆಯೇ ಎಂಬುದನ್ನು. ಒಂದು ಬಗೆಯ ಸಂದೇಶ ಹೀಗಿರುತ್ತದೆ: “ಹ್ಯಾಪಿ ನ್ಯೂ ಇಯರ್! ಮಂಜಿನ ಮಡಿಲಲ್ಲಿ ಮರೆಯಲಾಗದ ಅನುಭವ. ಕ್ಯಾಂಪ್ ಫೈರ್, ಡಿಜೆ, ಅನ್‌ಲಿಮಿಟೆಡ್ ಬಫೆ. ಕೆಲವೇ ಕೋಣೆ ಉಳಿದಿವೆ, ಬೇಗ ಬುಕ್ ಮಾಡಿ.” ಇನ್ನೊಂದು ಬಗೆ: “ನಮಸ್ಕಾರ. ತಮಗೂ ಮನೆಯವರಿಗೂ ಕ್ರಿಸ್‌ಮಸ್, ಹೊಸ ವರ್ಷದ ಶುಭಾಶಯಗಳು. ನಮ್ಮಲ್ಲಿ ಈಗ ಕಾಫಿ ಕುಯ್ಲು ನಡೀತಾ ಇದೆ, ಹಾಗಾಗಿ ಈ ಸಲ ಮೂರೇ ಕೋಣೆ ಕೊಡ್ತೀವಿ. ಮಧ್ಯಾಹ್ನದ ಊಟ ಇರೋದಿಲ್ಲ. ರಾತ್ರಿ ಊಟ ಎಂಟಕ್ಕೆ, ನಮ್ಮ ಜೊತೆಗೇ. ತೋಟದ ದಾರೀಲಿ ಆನೆ ಓಡಾಟ ಇದೆ, ದಯವಿಟ್ಟು ಆರು ಗಂಟೆ ಒಳಗೆ ಬಂದುಬಿಡಿ.” ಎರಡನೆಯದನ್ನು ಕಳಿಸಿದವರ ಮನೆಗೆ ಕಣ್ಣುಮುಚ್ಚಿ ಹೋಗಬಹುದು. ಅತಿಥಿ ಎಷ್ಟು ಹೊತ್ತಿಗೆ ಬರುತ್ತಾನೆ, ಏನು ಉಣ್ಣುತ್ತಾನೆ, ಎಲ್ಲಿ ಎಡವುತ್ತಾನೆ ಎಂದು ಅವರು ಆಗಲೇ ಯೋಚಿಸಿದ್ದಾರೆ. ಮೊದಲನೆಯದರಲ್ಲಿ ಇರುವುದೆಲ್ಲ ಯಾವ ಊರಿನ ರೆಸಾರ್ಟ್‌ಗೂ ಹೊಂದುವ ಮಾತು.

ಇನ್ನು ದರದ ಸಂಗತಿ. ಕೊಡಗಿನ ಹೋಮ್‌ಸ್ಟೇಗಳಲ್ಲಿ ಕೋಣೆಗಿಂತ ತಲೆಲೆಕ್ಕವೇ ಹೆಚ್ಚು. ತಲೆಗೆ ಇಷ್ಟು ಎಂದರೆ ಸಾಮಾನ್ಯವಾಗಿ ಒಂದು ರಾತ್ರಿಯ ವಾಸ, ರಾತ್ರಿಯೂಟ, ಮರುದಿನದ ತಿಂಡಿ, ಬಂದಾಗಲೂ ಬೆಳಗ್ಗೆಯೂ ಕಾಫಿ. ಮಧ್ಯಾಹ್ನದೂಟ ಬೇರೆ. ತಲೆಗೆ 2,200 ಎಂದಿಟ್ಟುಕೊಂಡರೆ ನಾಲ್ವರಿಗೆ ಎರಡು ರಾತ್ರಿಗೆ 17,600. ಇದನ್ನು ಆ್ಯಪ್‌ನಲ್ಲಿ ಕಾಣುವ “ಕೋಣೆಗೆ 4,000” ಜೊತೆ ನೇರವಾಗಿ ಹೋಲಿಸಿ ದುಬಾರಿ ಎನ್ನಬಾರದು. ಎರಡು ಕೋಣೆ ಎರಡು ರಾತ್ರಿಗೆ ಅಲ್ಲೂ 16,000 ಆಗುತ್ತದೆ, ಊಟ ಅದರಲ್ಲಿ ಸೇರಿರುವುದಿಲ್ಲ, ತೋಟದ ನಡುವಿನ ಮನೆಯಿಂದ ರಾತ್ರಿ ಹೊರಗೆ ಊಟಕ್ಕೆ ಹೋಗುವುದೂ ಆಗದು. ಆದರೆ ಕೆಲವು ವಿಷಯ ಬುಕ್ ಮಾಡುವ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ: ಮಕ್ಕಳಿಗೆ ಎಷ್ಟು ವರ್ಷದವರೆಗೆ ಉಚಿತ, ಎಷ್ಟರವರೆಗೆ ಅರ್ಧ, ಹೆಚ್ಚುವರಿ ಹಾಸಿಗೆ ಎಂದರೆ ಮಂಚವೋ ನೆಲದ ಮೇಲಿನ ಗಾದಿಯೋ, ಕ್ಯಾಂಪ್ ಫೈರ್‌ಗೆ ಬೇರೆ ದುಡ್ಡೇ, ಡ್ರೈವರ್ ಎಲ್ಲಿ ಮಲಗುತ್ತಾರೆ, ಅವರ ಊಟ ಯಾರ ಲೆಕ್ಕ. ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಡಿಸೆಂಬರ್‌ನಲ್ಲಿ ರಾತ್ರಿ ಮಡಿಕೇರಿಯ ಸುತ್ತ ತಾಪಮಾನ 12–15 ಡಿಗ್ರಿಗೆ ಇಳಿಯುತ್ತದೆ. ಇಡೀ ದಿನ ಘಟ್ಟದ ದಾರಿಯಲ್ಲಿ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದವರನ್ನು ಕಾರಿನ ಸೀಟಿನಲ್ಲೇ ಮಲಗಿಸುವ ಮನೆಗೆ ನಾವು ಒಂದು ಅಂಕ ಕಡಿಮೆ ಕೊಡುತ್ತೇವೆ, ಅಲ್ಲಿನ ಅಡುಗೆ ಎಷ್ಟೇ ಚೆನ್ನಾಗಿರಲಿ.

ತೆರಿಗೆ ವಿಚಾರದಲ್ಲೂ ಗೊಂದಲ ಬಹಳ. ಒಂದು ರಾತ್ರಿಗೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ, ಮೊದಲು ಶೇ 12 ಇತ್ತು. ವಹಿವಾಟು ಚಿಕ್ಕದಾಗಿದ್ದು ನೋಂದಣಿ ಮಾಡಿಸದ ಮನೆಯವರು ನೇರ ಬುಕಿಂಗ್‌ಗೆ ತೆರಿಗೆ ಹಾಕುವಂತಿಲ್ಲ. ಹಾಕಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರು ಇರಲೇಬೇಕು. ಅದೇ ಕೋಣೆಯನ್ನು ಆ್ಯಪ್ ಮೂಲಕ ತೆಗೆದುಕೊಂಡರೆ ತೆರಿಗೆಯನ್ನು ಆ್ಯಪ್‌ನವರೇ ಕಟ್ಟಬೇಕಾದ ಕಾರಣ ಅದು ನಿಮ್ಮ ದರದಲ್ಲಿ ಸೇರಿಕೊಳ್ಳುತ್ತದೆ, ಜೊತೆಗೆ ಅವರ ಕಮಿಷನ್. ಫೋನು ಮಾಡಿ ಮಾತಾಡಿದರೆ ದುಡ್ಡೂ ಉಳಿಯುತ್ತದೆ, ಮನೆಯವರ ದನಿಯೂ ಕೇಳುತ್ತದೆ. ಅಡ್ವಾನ್ಸ್ ಕಳಿಸುವಾಗ ಯುಪಿಐನಲ್ಲಿ ಬರುವ ಹೆಸರು ಮಾಲೀಕರದ್ದೋ ಎಂದು ನೋಡಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಹಬ್ಬದ ಕಾಲದಲ್ಲಿ ಯಾರದೋ ಮನೆಯ ಫೋಟೊ ಹಾಕಿ ದುಡ್ಡು ಹೊಡೆಯುವವರಿರುತ್ತಾರೆ. ವೀಡಿಯೊ ಕಾಲ್‌ನಲ್ಲಿ ಅಂಗಳ ತೋರಿಸಿ ಎಂದರೆ ನಿಜವಾದ ಮನೆಯವರು ಎರಡು ನಿಮಿಷದಲ್ಲಿ ತೋರಿಸುತ್ತಾರೆ. ವರ್ಷದ ಕೊನೆಯ ವಾರದಲ್ಲಿ ರದ್ದು ಮಾಡಿದರೆ ಹಣ ವಾಪಸ್ ಕೊಡುವವರು ಅಪರೂಪ, ಅದರಲ್ಲಿ ತಪ್ಪೂ ಇಲ್ಲ. ಹಣದ ಬದಲು ತಾರೀಕು ಬದಲಿಸಿಕೊಡುತ್ತೀರಾ ಎಂದು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಈ ದಿನಗಳಲ್ಲಿ ಹೆಚ್ಚು ದೂರು ಬರುವುದು ಬಿಸಿನೀರಿನ ಬಗ್ಗೆ. ಇದು ಮನೆಯವರ ಅಸಡ್ಡೆ ಎಂದು ಅತಿಥಿಗಳು ತಿಳಿಯುತ್ತಾರೆ, ಆದರೆ ಲೆಕ್ಕ ಹಾಕಿದರೆ ಗೀಸರ್‌ನ ಮಿತಿ ಗೊತ್ತಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಟ್ಯಾಂಕಿನ ನೀರು 18 ಡಿಗ್ರಿ ಇದೆ ಎಂದುಕೊಳ್ಳಿ. ಕೋಣೆಯಲ್ಲಿರುವುದು 15 ಲೀಟರಿನ ಗೀಸರ್, ಕಾಯುವುದು 60 ಡಿಗ್ರಿವರೆಗೆ. ಸ್ನಾನಕ್ಕೆ ಬೇಕಾದ 40 ಡಿಗ್ರಿಗೆ ಬೆರೆಸಿದರೆ ಸಿಗುವುದು ಸುಮಾರು 28 ಲೀಟರ್, ಅಂದರೆ ಒಂದು ಬಕೆಟ್ಟಿಗಿಂತ ಸ್ವಲ್ಪ ಹೆಚ್ಚು. ಮತ್ತೆ ಅಷ್ಟು ಕಾಯಲು 2 ಕಿಲೋವಾಟ್ ಕಾಯಿಲ್‌ಗೆ 22 ನಿಮಿಷ ಬೇಕು. ವೋಲ್ಟೇಜ್ ಇಳಿದಿದ್ದರೆ ಅರ್ಧ ಗಂಟೆಯೂ ದಾಟುತ್ತದೆ, ತೋಟದ ಲೈನುಗಳಲ್ಲಿ ಇಳಿಯುವುದು ಮಾಮೂಲು. ನಾಲ್ಕು ಜನ ಒಂದೇ ಬಾತ್‌ರೂಮಿನಲ್ಲಿ ಮುಗಿಸಲು ಒಂದೂವರೆ ಗಂಟೆ. ಬೆಳಗ್ಗೆ ಐದಕ್ಕೆ ಜೀಪು ಹತ್ತಬೇಕಾದವರು ರಾತ್ರಿಯೇ ಸ್ನಾನ ಮುಗಿಸಿಕೊಳ್ಳುವುದು ಒಳ್ಳೆಯದು. ಸೌರ ಹೀಟರ್ ಮಾತ್ರ ಇದ್ದರೆ ಮಂಜು ಕವಿದ ಮರುದಿನ ನೀರು ಬೆಚ್ಚಗಿರುತ್ತದೆಯೇ ಹೊರತು ಬಿಸಿ ಇರುವುದಿಲ್ಲ. ಇದಕ್ಕೆಲ್ಲ ಒಳ್ಳೆಯ ಪರಿಹಾರ ಹಳೆಯದೇ: ಹಿತ್ತಿಲ ಬಚ್ಚಲಿನಲ್ಲಿ ಹಂಡೆ, ಕೆಳಗೆ ಕಾಫಿ ಗಿಡದ ಒಣ ಬೊಡ್ಡೆ. ಬುಕ್ ಮಾಡುವಾಗ “ಹಂಡೆ ಇದೆಯಾ?” ಎಂದು ಕೇಳಿ. ಇದೆ ಎಂದವರ ಮನೆಯಲ್ಲಿ ಹತ್ತು ಜನ ಇದ್ದರೂ ಬಿಸಿನೀರಿಗೆ ಜಗಳವಿಲ್ಲ.

ಊಟವೇ ಈ ಮನೆಗಳ ದೊಡ್ಡ ಬಲ. ಕೊಡವರ ಮನೆಯಾಗಲಿ, ಮಡಿಕೇರಿ ಸುತ್ತಲಿನ ಅರೆಭಾಷೆ ಗೌಡರ ಮನೆಯಾಗಲಿ, ಮನೆಯವರು ತಾವು ಉಣ್ಣುವುದನ್ನೇ ನಿಮಗೂ ಬಡಿಸಿದಾಗ ಅದಕ್ಕೆ ಸಾಟಿಯಿಲ್ಲ. ಪಂದಿ ಕರಿಯನ್ನೇ, ಅಂದರೆ ಹಂದಿ ಮಾಂಸದ ಸಾರನ್ನೇ ತೆಗೆದುಕೊಳ್ಳಿ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸು, ಸ್ವಲ್ಪ ಮೆಂತ್ಯ ಇವನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಬೇಕು. ಇಲ್ಲಿ ಹಿಂಜರಿದು ಬೇಗ ಇಳಿಸಿದರೆ ಬಣ್ಣವೂ ಬಾರದು, ಆ ಹೊಗೆಯ ಕಟುವೂ ಬಾರದು. ಹೆಚ್ಚು ಹುರಿದರೆ ಸುಟ್ಟ ಕಹಿ. ಮಾಂಸದಲ್ಲಿ ಕೊಬ್ಬಿನ ಪದರ ಇರಲೇಬೇಕು, ಮಸಾಲೆ ಆ ಕೊಬ್ಬಿನಲ್ಲೇ ಬೇಯುತ್ತದೆ. ಕೊನೆಗೆ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ, ಒಂದು ಕಿಲೋ ಮಾಂಸಕ್ಕೆ ಒಂದರಿಂದ ಒಂದೂವರೆ ದೊಡ್ಡ ಚಮಚ. ಪುಳಿಯ ಬದಲು ವಿನಿಗರ್ ಅಥವಾ ನಿಂಬೆರಸ ಹಾಕಿದ್ದರೆ ಮೊದಲ ತುತ್ತಿಗೇ ತಿಳಿಯುತ್ತದೆ: ಹುಳಿ ನಾಲಿಗೆಯ ತುದಿಯಲ್ಲಿ ಚುರುಕ್ಕೆಂದು ಅಲ್ಲೇ ಮುಗಿಯುತ್ತದೆ. ಕಾಚಂಪುಳಿಯ ಹುಳಿ ನಿಧಾನವಾಗಿ ಬಂದು ಗಂಟಲಿನವರೆಗೆ ಉಳಿಯುತ್ತದೆ. ಒಳ್ಳೆಯ ಅಡುಗೆಯವರು ಇದನ್ನು ಮಧ್ಯಾಹ್ನವೇ ಮಾಡಿಟ್ಟು ರಾತ್ರಿ ಬಿಸಿ ಮಾಡುತ್ತಾರೆ. ಆದ್ದರಿಂದ ಜನ ಎಷ್ಟೇ ಇರಲಿ, ಪಂದಿ ಕರಿ ಕೆಡುವುದು ಕಡಿಮೆ.

ಹಬ್ಬದ ನೂಕುನುಗ್ಗಲಿನಲ್ಲಿ ಕೆಡುವುದು ಪುಟ್ಟುಗಳು. ಕಡಂಬುಟ್ಟಿಗೆ ಒಂದು ಅಳತೆ ಅಕ್ಕಿ ತರಿಗೆ ಎರಡು ಅಳತೆಗಿಂತ ತುಸು ಹೆಚ್ಚು ನೀರು, ಗಂಟಿಲ್ಲದಂತೆ ಕುದಿಸಿ ಮುಚ್ಚಿಟ್ಟು, ಬಿಸಿಯಿರುವಾಗಲೇ ಉಂಡೆ ಕಟ್ಟಿ, ಇಪ್ಪತ್ತರಿಂದ ಮೂವತ್ತು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಹಬೆಯಿಂದ ತೆಗೆದ ಅರ್ಧ ಗಂಟೆಯೊಳಗೆ ತಿಂದರೆ ಬೆರಳಿಗೆ ಮೆತ್ತಗೆ ಒಡೆಯುತ್ತದೆ. ಏಳಕ್ಕೆ ಬೇಯಿಸಿ ಒಂಬತ್ತೂವರೆಗೆ ಬಡಿಸಿದರೆ ಹೊರಗೆಲ್ಲ ಗಟ್ಟಿ. ಕ್ಯಾಂಪ್ ಫೈರ್ ಸುತ್ತ ಕೂತು ಊಟಕ್ಕೆ ಹತ್ತಕ್ಕೆ ಬರುವ ಗುಂಪುಗಳು ಆಮೇಲೆ “ಕಡಂಬುಟ್ಟು ಕಲ್ಲಿನಂತಿತ್ತು” ಎಂದು ಬರೆಯುತ್ತವೆ. ಎಂಟಕ್ಕೆ ಕರೆದರೆ ಎಂಟಕ್ಕೇ ಹೋಗಿ ಕೂರಿ. ಅಕ್ಕಿ ಒಟ್ಟಿಯ ಕಷ್ಟ ಬೇರೆ. ಅನ್ನ ಮತ್ತು ಅಕ್ಕಿ ಹಿಟ್ಟನ್ನು ನಾದಿ ಒಂದೊಂದಾಗಿ ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಬೇಕು. ಎಂಟು ಜನರಿಗೆ ಸರಿ, ಇಪ್ಪತ್ತು ಜನರಿಗೆ ಒಬ್ಬ ಗೃಹಿಣಿಯಿಂದ ಆಗದು. ಅದಕ್ಕೇ ಜನ ತುಂಬಿದ ದಿನ ತಿಂಡಿಗೆ ಪೂರಿ, ಬ್ರೆಡ್ಡು–ಆಮ್ಲೆಟ್ ಬರುತ್ತದೆ. ಗುಂಪು ದೊಡ್ಡದಿದ್ದರೆ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಪಾಪುಟ್ಟು ಕೇಳಿ. ಪಾಪುಟ್ಟು ತಟ್ಟೆಯಲ್ಲಿ ಹುಯ್ದು ಒಟ್ಟಿಗೆ ಹಬೆಗಿಡುವಂಥದ್ದು, ತರಿ, ಹಾಲು, ತೆಂಗಿನತುರಿ ಸೇರಿ ಹಗುರವಾಗಿರುತ್ತದೆ, ಅಡುಗೆಮನೆಗೂ ಹೊರೆಯಲ್ಲ.

ಸಸ್ಯಾಹಾರಿಗಳು ಮೊದಲೇ ಹೇಳಬೇಕು, ಬೇರೆ ಪಾತ್ರೆ ಬೇಕಿದ್ದರೆ ಅದನ್ನೂ ಹೇಳಬೇಕು. ಬಿದಿರ ಕಳಲೆ, ಕಾಡಿನ ಅಣಬೆ ಮಳೆಗಾಲದ ಪದಾರ್ಥಗಳು. ಡಿಸೆಂಬರ್‌ನ ಮೆನುವಿನಲ್ಲಿ “ತಾಜಾ ಕಳಲೆ” ಎಂದಿದ್ದರೆ ಅದು ಉಪ್ಪುನೀರಿನಲ್ಲಿ ಇಟ್ಟದ್ದು. ಈ ಕಾಲಕ್ಕೆ ಕೇಳಬೇಕಾದದ್ದು ಸಿಹಿಕುಂಬಳದ ಕರಿ, ಪುತ್ತರಿ ಗೆಣಸು, ಹೊಸ ಅಕ್ಕಿಯ ಪಾಯಸ. ಪುತ್ತರಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ ಬರುತ್ತದೆ. ಕಕ್ಕಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಟ್ಟ ಮೇಲೆಯೇ ದಿನ ಗೊತ್ತಾಗುವುದು. ಹಬ್ಬದ ಆಸುಪಾಸಿನಲ್ಲಿ ಹೋದವರಿಗೆ ತಂಬುಟ್ಟು ಸಿಗುವ ಭಾಗ್ಯ: ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹುರಿದ ಅಕ್ಕಿಯ ಪುಡಿಯೊಡನೆ ಮಿದ್ದು, ಮೇಲೆ ತೆಂಗಿನತುರಿ, ಹುರಿದ ಎಳ್ಳು, ತುಪ್ಪ. ಹಬ್ಬದ ರಾತ್ರಿ “ಪೊಲಿ ಪೊಲಿ ದೇವಾ” ಎಂದು ಕೂಗುತ್ತ ಗದ್ದೆಯಿಂದ ಕದಿರು ತರುವುದನ್ನು ನೋಡಲು ಮನೆಯವರು ಕರೆದರೆ ಹಿಂದೆ ನಿಂತು ನೋಡಿ, ಕದಿರು ಕುಯ್ಯುವಾಗ ಕೋವಿ ಹಾರಿಸುತ್ತಾರೆ, ಮಕ್ಕಳಿಗೆ ಮೊದಲೇ ಹೇಳಿಡಿ. ಅದು ಅವರ ಮನೆತನದ ಪೂಜೆ. ಕರೆಯದೇ ಇದ್ದರೆ ಬೇಸರಿಸುವಂಥದ್ದೇನಿಲ್ಲ.

ಕಾಫಿಯ ಬಗ್ಗೆ ಒಂದು ಎಚ್ಚರಿಕೆ. ಕಣದಲ್ಲಿ ಒಣಗುತ್ತಿರುವ ಬೀಜ ನೋಡಿದ ಅತಿಥಿಗಳು “ಇದೇ ವರ್ಷದ ಪುಡಿ ಕೊಡಿ” ಎನ್ನುತ್ತಾರೆ. ಪಲ್ಪ್ ಮಾಡಿದ ಕಾಫಿ ಬಿಸಿಲಿನಲ್ಲಿ ಒಣಗಿ ತೇವಾಂಶ ಶೇ 10–11ಕ್ಕೆ ಇಳಿಯಬೇಕು, ಹಣ್ಣಾಗಿಯೇ ಒಣಗಿಸುವ ಚೆರಿಯಾದರೆ ಇನ್ನೂ ಹೆಚ್ಚು ದಿನ. ಆಮೇಲೆ ಸಿಪ್ಪೆ ತೆಗೆಯುವ ಕ್ಯೂರಿಂಗ್, ವಿಂಗಡಣೆ, ಹುರಿಯುವುದು. ಡಿಸೆಂಬರ್ ಕೊನೆಯಲ್ಲಿ ನಿಮ್ಮ ಲೋಟಕ್ಕೆ ಬರುವುದು ಬಹುಮಟ್ಟಿಗೆ ಹಿಂದಿನ ವರ್ಷದ ಬೆಳೆಯೇ, ಚೆನ್ನಾಗಿ ಇಟ್ಟಿದ್ದರೆ ಅದರಲ್ಲಿ ಕೊರತೆಯೇನೂ ಇಲ್ಲ. ಹಾಗೆಂದು ನೇರವಾಗಿ ಹೇಳುವ ಮನೆಯವರಿಂದಲೇ ಪುಡಿ ಕೊಳ್ಳಿ, ಚಿಕೋರಿ ಎಷ್ಟು ಸೇರಿದೆ, ಯಾವಾಗ ಹುರಿದದ್ದು ಎಂದು ಕೇಳಿ. ಬೆಳಗ್ಗೆ ಹಾಲು ಕಾಫಿಯ ಬದಲು ಒಮ್ಮೆ ಬೆಲ್ಲದ ಕಾಫಿ ಕುಡಿದು ನೋಡಿ. ಕಣದ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಮಣ್ಣು ಬೆರೆತರೆ, ಬೇರೆ ಬೇರೆ ದಿನದ ರಾಶಿ ಒಂದಾದರೆ ಅವರ ಮೂರು ದಿನದ ಕೆಲಸ ಹಾಳು.

ಈಗ ಶುಭಾಶಯದ ಜೊತೆ ಬರುವ ಜಾಗಗಳ ಪಟ್ಟಿ. ಹತ್ತರಲ್ಲಿ ಒಂಬತ್ತು ಸಂದೇಶಗಳಲ್ಲಿ ಇರುವುದು ಒಂದೇ ಪಟ್ಟಿ: ಅಬ್ಬಿ ಜಲಪಾತ, ರಾಜಾಸೀಟ್, ಮಾಂದಲ್‌ಪಟ್ಟಿ, ದುಬಾರೆ, ಗೋಲ್ಡನ್ ಟೆಂಪಲ್, ತಲಕಾವೇರಿ. ಎಲ್ಲವೂ ನೋಡತಕ್ಕವೇ, ಆದರೆ ಈ ವಾರದಲ್ಲಿ ಎಲ್ಲವನ್ನೂ ನೋಡಹೊರಟರೆ ನೋಡುವುದು ಮುಂದಿನ ಕಾರಿನ ಬಂಪರ್ ಮಾತ್ರ. ಅಬ್ಬಿಯಲ್ಲಿ ಮಳೆಗಾಲದ ಅಬ್ಬರ ಡಿಸೆಂಬರ್‌ನಲ್ಲಿ ಇರುವುದಿಲ್ಲ, ನೀರು ತೆಳುವಾಗಿರುತ್ತದೆ. ಇಳಿದಷ್ಟೇ ಮೆಟ್ಟಿಲು ಹತ್ತಬೇಕು, ಮಂಡಿ ನೋವಿನವರಿಗೆ ಹೇಳಿಮಾಡಿಸಿದ್ದಲ್ಲ. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠ, ಜನ ಗೋಲ್ಡನ್ ಟೆಂಪಲ್ ಎನ್ನುವುದು, ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕುಶಾಲನಗರಕ್ಕೆ ಮೊದಲೇ. ಮಡಿಕೇರಿಯಿಂದ ಮತ್ತೆ 35 ಕಿ.ಮೀ. ಇಳಿದು ಬರುವ ಬದಲು ಬರುವ ದಾರಿಯಲ್ಲೇ ನೋಡಿಬಿಡಬೇಕು. ದುಬಾರೆಯೂ ಕುಶಾಲನಗರದ ಕಡೆಯದೇ, ಆನೆಗಳ ಸ್ನಾನ ಬೆಳಗಿನ ಹೊತ್ತು, ಹಾಗಾಗಿ ಅದನ್ನು ವಾಪಸ್ ಹೊರಟ ದಿನಕ್ಕೆ ಇಟ್ಟುಕೊಳ್ಳಿ. ಪಟ್ಟಿಯನ್ನು ಹೀಗೆ ದಾರಿಗೆ ಹೊಂದಿಸಿ ಬರೆದು ಕಳಿಸುವ ಮನೆಯವರು ಬೆರಳೆಣಿಕೆಯಷ್ಟು, ಅವರನ್ನು ಬಿಡಬೇಡಿ.

ಮಾಂದಲ್‌ಪಟ್ಟಿಗೆ ಬೆಳಗ್ಗೆ ಐದಕ್ಕೆ ಹೊರಟರೆ ಮಾತ್ರ ಅರ್ಥ. ಕೊನೆಯ ಹಾದಿ ಕಲ್ಲು–ಗುಂಡಿಯದ್ದು, ಜೀಪು ಬೇಕು. ದರವನ್ನು ಹೋಗುವ ಮೊದಲೇ, ಜೀಪಿಗೆ ಇಷ್ಟು ಎಂದು, ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಸೇರಿಸಿ ಮಾತಾಡಿಕೊಳ್ಳಿ. ಬೆನ್ನುನೋವಿನವರು, ಗರ್ಭಿಣಿಯರು ಹೋಗದಿರುವುದೇ ಸರಿ. ಸೂರ್ಯೋದಯ ಕಾಣುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ಮಂಜು ಎದ್ದರೆ ಹತ್ತು ಅಡಿ ಆಚೆ ಏನೂ ಕಾಣದು. ಭರವಸೆ ಕೊಟ್ಟವರನ್ನು ನಂಬಬೇಡಿ. ತಲಕಾವೇರಿ ಮಡಿಕೇರಿಯಿಂದ 48 ಕಿ.ಮೀ., ತಿರುವಿನ ದಾರಿ, ಹೋಗಿಬರಲು ಭಾಗಮಂಡಲವೂ ಸೇರಿ ಅರ್ಧ ದಿನ. ಬೆಳಗ್ಗೆ ಬೇಗ ಹೊರಡಿ.

ಪಟ್ಟಿಯಲ್ಲಿ ಇರಬೇಕಾಗಿದ್ದೂ ಇಲ್ಲದವು ಹಲವು. ಕಕ್ಕಬೆ ಸಮೀಪದ ನಾಲ್ಕುನಾಡು ಅರಮನೆ 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಕಾಡಿನಂಚಿನ ಎರಡಂತಸ್ತಿನ ಮನೆ, ಮರದ ಕೆತ್ತನೆ, ಗೋಡೆಯಲ್ಲಿ ಮಾಸಿದ ಚಿತ್ರಗಳು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಇಂಗ್ಲಿಷರಿಗೆ ಶರಣಾಗುವ ಮುನ್ನ ಬಂದು ತಂಗಿದ್ದು ಇಲ್ಲೇ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಚಾರಣಕ್ಕೂ ದಾರಿ ಇಲ್ಲಿಂದಲೇ. ಡಿಸೆಂಬರ್‌ನಲ್ಲಿ ಜಿಗಣೆಯ ಕಾಟವಿಲ್ಲ, ಹುಲ್ಲು ಹಳದಿಗೆ ತಿರುಗಿರುತ್ತದೆ, ಚಾರಣಕ್ಕೆ ವರ್ಷದಲ್ಲೇ ಒಳ್ಳೆಯ ಕಾಲ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಕೊಂಡೇ ಹೊರಡಿ, ಗೇಟಿನ ಬಳಿ ಹೋಗಿ ವಾದ ಮಾಡಿ ಫಲವಿಲ್ಲ. ಕ್ರಿಸ್‌ಮಸ್‌ಗೆಂದೇ ಬಂದವರು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ಗೆ ಹೋಗಬೇಕು. ಅದರ ಮೂಲ 1792ಕ್ಕೆ ಹೋಗುತ್ತದೆ, ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ ನೆನಪು ಅದರಲ್ಲಿದೆ. ಪೂಜೆಯ ಸಮಯ ವಿಚಾರಿಸಿ, ಕ್ಯಾಮೆರಾ ಒಳಗಿಟ್ಟು ಹೋಗಿ. ಮಡಿಕೇರಿಯಲ್ಲಿ ಮಧ್ಯಾಹ್ನ ಉಳಿದರೆ ಕೋಟೆ, ಅದರೊಳಗಿನ ಹಳೆಯ ಚರ್ಚ್ ಕಟ್ಟಡದ ಸರ್ಕಾರಿ ಮ್ಯೂಸಿಯಂ, ಸ್ವಲ್ಪ ಕೆಳಗೆ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಇಷ್ಟನ್ನು ನಡೆದೇ ನೋಡಬಹುದು. ಸರ್ಕಾರಿ ರಜೆಯ ದಿನ ಮ್ಯೂಸಿಯಂ ತೆರೆದಿರುತ್ತದೆಯೇ ಎಂದು ಕೇಳಿಕೊಂಡು ಹೋಗಿ.

ಎಲ್ಲಕ್ಕಿಂತ ನಾವು ಮೇಲಿಡುವುದು ಮನೆಯ ಪಕ್ಕದ ಗದ್ದೆ ಬದುವನ್ನು. ಬೆಳಗ್ಗೆ ಏಳೂವರೆಗೆ ಮಂಜು ನೆಲದಿಂದ ಮೊಣಕಾಲೆತ್ತರಕ್ಕೆ ಏಳುವಾಗ, ಕುಯ್ದ ಭತ್ತದ ವಾಸನೆಯ ನಡುವೆ ಅರ್ಧ ಗಂಟೆ ನಡೆಯಿರಿ. ಟಿಕೆಟ್ ಇಲ್ಲ, ಪಾರ್ಕಿಂಗ್ ಇಲ್ಲ. ಯಾವ ಬದುವಿನಲ್ಲಿ ಹೋಗಬಹುದು ಎಂದು ಮನೆಯವರನ್ನು ಕೇಳಿ, ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಿ.

ಬೆಳಕಿನ ಮಾತು ಸುಮ್ಮನೆ ಹೇಳಿದ್ದಲ್ಲ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಯ ತೋಟಗಳಲ್ಲಿ ಆನೆಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ ಓಡಾಡುತ್ತವೆ. ಕಾಫಿ ಗಿಡಗಳ ನಡುವೆ ಹತ್ತು ಮಾರು ದೂರದಲ್ಲಿ ನಿಂತ ಆನೆ ಕತ್ತಲಲ್ಲಿ ಕಾಣುವುದೇ ಇಲ್ಲ. ತಡವಾಗಿ ಬಂದು, ಗೇಟು ತೆಗೆಯಲು ಕಾರಿನಿಂದ ಇಳಿಯುವ ಕ್ಷಣವೇ ಅಪಾಯದ್ದು. ಹೊತ್ತಾದರೆ ಮುಖ್ಯರಸ್ತೆಯ ಅಂಗಡಿ ಹತ್ತಿರ ನಿಂತು ಫೋನು ಮಾಡಿ, ಮನೆಯವರು ಜೀಪು ತಂದು ಕರೆದೊಯ್ಯುತ್ತಾರೆ. ಹೊಸ ವರ್ಷದ ರಾತ್ರಿಯ ಡಿಜೆ ಮತ್ತು ಪಟಾಕಿಗೆ ನಮ್ಮ ವಿರೋಧವಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಕಾನೂನಿನಲ್ಲೇ ಇದೆ. ಕಣಿವೆಯಲ್ಲಿ ಸದ್ದು ಎರಡು ಕಿಲೋಮೀಟರ್ ಆಚೆಯ ಮನೆಗೂ ಮುಟ್ಟುತ್ತದೆ, ಬೆಳಗ್ಗೆ ಆರಕ್ಕೆ ಕುಯ್ಲಿಗೆ ಏಳಬೇಕಾದವರು ಆ ಮನೆಗಳಲ್ಲಿದ್ದಾರೆ, ಬೆದರಿದ ಆನೆ ಹಿಂಡು ಅವರ ತೋಟಕ್ಕೇ ನುಗ್ಗುತ್ತದೆ. ಡಿಜೆ ಎಂದು ಬರೆದ ಹೋಮ್‌ಸ್ಟೇಯನ್ನು ಪಟ್ಟಿಯಿಂದ ತೆಗೆದುಹಾಕಿ. ಕ್ಯಾಂಪ್ ಫೈರ್ ಸಾಕು, ಅದೂ ಅಂಗಳದಲ್ಲಿ, ಒಣ ಎಲೆ ಗುಡಿಸಿದ ಜಾಗದಲ್ಲಿ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟುಕೊಂಡು.

ಕೊಡಗಿಗೆ ರೈಲಿಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ., ಮಾಮೂಲಿ ದಿನ ಐದೂವರೆ–ಆರು ಗಂಟೆ. ರಜೆಯ ಮೊದಲ ದಿನ ಎಕ್ಸ್‌ಪ್ರೆಸ್‌ವೇ ಇದ್ದರೂ ಶ್ರೀರಂಗಪಟ್ಟಣದಿಂದ ಮೈಸೂರು ದಾಟುವುದಕ್ಕೇ ಬಹಳ ಹೊತ್ತು ಹೋಗುತ್ತದೆ. ಬೆಂಗಳೂರಿನ ಉತ್ತರ, ಪಶ್ಚಿಮ ಭಾಗದವರು ಕುಣಿಗಲ್, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೇಲೆ ಕುಶಾಲನಗರಕ್ಕೆ ಬರುವುದು ವಾಸಿ. ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಮನೆಗೆ ಹೋಗುವವರು ಹುಣಸೂರಿನಲ್ಲೇ ತಿರುಗಬೇಕು, ಮಡಿಕೇರಿಗೆ ಹತ್ತಿ ಇಳಿಯುವ ಅಗತ್ಯವಿಲ್ಲ. ನಾಗರಹೊಳೆ ಕಾಡಿನ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಮ್ಯಾಪ್ ನಂಬಿ ಸಂಜೆ ಐದೂಮುಕ್ಕಾಲಿಗೆ ಆ ಗೇಟಿಗೆ ಹೋಗಿ ನಿಲ್ಲಬೇಡಿ. ಮ್ಯಾಪು ಕೈಕೊಡುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ: ತೋಟದ ಜೀಪು ದಾರಿಯನ್ನೂ ರಸ್ತೆ ಎಂದೇ ತೋರಿಸುತ್ತದೆ. “ಸೆಡಾನ್ ಅಂಗಳದವರೆಗೆ ಬರುತ್ತಾ, ಯಾವ ಅಂಗಡಿ ಹತ್ತಿರ ತಿರುಗಬೇಕು” ಎಂದು ಹಿಂದಿನ ದಿನವೇ ಕೇಳಿ ಬರೆದುಕೊಳ್ಳಿ, ಆಮೇಲೆ ಸಿಗ್ನಲ್ ಸಿಗದೇ ಇರಬಹುದು.

ತಾರೀಕು ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್ 10ರಿಂದ 20ರ ನಡುವೆ ಹೋಗಿ, ಅಥವಾ ಜನವರಿ 5 ಕಳೆದ ಮೇಲೆ, ಅದೂ ಸೋಮವಾರದಿಂದ ಗುರುವಾರದೊಳಗೆ. ಚಳಿ ಅದೇ, ಕುಯ್ಲು ಅದೇ, ದರ ಕಡಿಮೆ, ಮನೆಯವರು ಊಟವಾದ ಮೇಲೂ ನಿಮ್ಮ ಜೊತೆ ಕೂತು ಮಾತಾಡುತ್ತಾರೆ. ಶಾಲೆಯ ರಜೆಯ ಕಾರಣಕ್ಕೆ ಕ್ರಿಸ್‌ಮಸ್ ವಾರವೇ ಬೇಕು ಎನ್ನುವವರು ಮೂರು–ನಾಲ್ಕು ಕೋಣೆಯ, ಮಾಲೀಕರು ಅಲ್ಲೇ ವಾಸವಿರುವ ಮನೆಯನ್ನೇ ಆರಿಸಿ, ಎರಡು ರಾತ್ರಿ ಉಳಿಯಿರಿ, ದಿನಕ್ಕೆ ಒಂದೇ ಜಾಗ ನೋಡಿ.

ಹೊರಡುವ ದಿನ ಕೊಳ್ಳಬೇಕಾದ್ದು ಎರಡೇ. ಒಂದು ಕಿತ್ತಳೆ. ಕೊಡಗಿನ ಕಿತ್ತಳೆ ನೋಡಲು ಹಸಿರು ಮಿಶ್ರಿತ ಹಳದಿ, ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ, ಸಿಹಿಯ ಜೊತೆ ಹುಳಿ ಇದ್ದೇ ಇರುತ್ತದೆ. ರಸ್ತೆ ಬದಿಯಲ್ಲಿ ಹೊಳೆಯುವ ಕೇಸರಿ ಬಣ್ಣದ, ಸಿಪ್ಪೆ ಸಡಿಲವಾಗಿ ಉಬ್ಬಿದ ಹಣ್ಣು ನಾಗಪುರದ್ದು. ರೋಗಕ್ಕೆ ತುತ್ತಾಗಿ ಕೊಡಗಿನ ಕಿತ್ತಳೆ ತೋಟಗಳು ಬಹಳ ಕಡಿಮೆಯಾಗಿವೆ, ಆದ್ದರಿಂದ ನೀವು ಉಳಿದುಕೊಂಡ ಮನೆಯ ತೋಟದಲ್ಲಿ ನಾಲ್ಕು ಗಿಡ ಇದ್ದರೆ ಅಲ್ಲೇ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಕಾಚಂಪುಳಿ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪು ಪಾಕದಂತೆ ಮಾಡಿದ್ದು ನಿಜವಾದದ್ದು: ಬಾಟಲಿ ಓರೆ ಮಾಡಿದರೆ ಗಾಜಿಗೆ ಹಿಡಿದುಕೊಂಡು ನಿಧಾನವಾಗಿ ಇಳಿಯಬೇಕು. ನೀರಿನಂತೆ ಹರಿದರೆ ಕೊಳ್ಳಬೇಡಿ. ಗಾಜಿನ ಸೀಸೆಯಲ್ಲಿಟ್ಟು, ಒದ್ದೆ ಚಮಚ ಹಾಕದಿದ್ದರೆ ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಇರುತ್ತದೆ.